ಪೆಪ್ಟೈಡ್ ಇಂಜೆಕ್ಷನ್ ಫಲ ಕೊಡದಿದ್ದಾಗ: ದೋಷ ಹುಡುಕುವ ಕ್ರಮ

ತುಮಕೂರಿನ ಔಷಧ ಅಂಗಡಿಗಳಲ್ಲಿ ಇನ್ಸುಲಿನ್ ಕೊಂಡವರು ಮರಳಿ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಇದು ಕೆಲಸ ಮಾಡುತ್ತಿಲ್ಲ, ಡೂಪ್ಲಿಕೇಟ್ ಇರಬೇಕು." ಈ ಅನುಮಾನ ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ಪೆಪ್ಟೈಡ್ ಔಷಧಿ ಎಂದರೆ ಅಮೈನೋ ಆಮ್ಲಗಳು ಒಂದಕ್ಕೊಂದು ಬೆಸೆದುಕೊಂಡ ಸೂಕ್ಷ್ಮವಾದ ಅಣು. ಇನ್ಸುಲಿನ್‌ನಲ್ಲಿ 51, ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಕೊಡುವ ಟಿರ್ಜೆಪಟೈಡ್‌ನಲ್ಲಿ 39, ಮೂಳೆ ಸವೆತಕ್ಕೆ ಕೊಡುವ ಟೆರಿಪ್ಯಾರಟೈಡ್‌ನಲ್ಲಿ 34, ಟಿರ್ಜೆಪಟೈಡ್‌ನಂತೆಯೇ ಬಳಸುವ ಸೆಮಾಗ್ಲುಟೈಡ್‌ನಲ್ಲಿ 31 ಮತ್ತು ಹೆರಿಗೆಯಲ್ಲಿ ಬಳಸುವ ಆಕ್ಸಿಟೋಸಿನ್‌ನಲ್ಲಿ ಬರೀ 9 ಅಮೈನೋ ಆಮ್ಲಗಳಿವೆ. ಬಿಸಿ, ಹಿಮ, ಕುಲುಕಾಟ ಮತ್ತು ಬೆಳಕು ಇಂಥ ಔಷಧಿಗಳನ್ನು ಮಾತ್ರೆಗಳಿಗಿಂತ ಬೇಗ ಕೆಡಿಸುತ್ತವೆ. ಆದ್ದರಿಂದ ಕಾರ್ಖಾನೆಯಿಂದ ಸರಿಯಾಗಿಯೇ ಹೊರಟ ಔಷಧಿ ದಾರಿಯಲ್ಲೋ ಮನೆಯಲ್ಲೋ ಕೆಟ್ಟಿರುವ ಸಾಧ್ಯತೆಯನ್ನು ಮೊದಲು ಅಳೆಯದೆ ನಕಲಿ ಎಂದು ತೀರ್ಮಾನಿಸುವುದು ಆತುರವಾಗುತ್ತದೆ.

ಈ ಕೈಪಿಡಿ ಪಾಲಿಸುವ ಕ್ರಮ ಹಿಮ್ಮುಖವಾದದ್ದು. ಸೂಜಿ ಚರ್ಮಕ್ಕೆ ತಾಗುವ ಜಾಗದಿಂದ ಆರಂಭಿಸಿ ಸಿರಿಂಜ್, ಮನೆಯ ಫ್ರಿಜ್ಜು, ಸಾಗಣೆಯ ದಾರಿ, ಅಂಗಡಿ, ಸಗಟು ವ್ಯಾಪಾರಿ, ಕೊನೆಗೆ ತಯಾರಕರು ಎಂದು ಹಿಂದಕ್ಕೆ ಹೋಗಬೇಕು. ಹತ್ತಿರದ ದೋಷಗಳನ್ನು ಕಾಸಿಲ್ಲದೆ ಕೈಯಾರೆ ಪರೀಕ್ಷಿಸಬಹುದು, ದೂರದವುಗಳಿಗೆ ಪ್ರಯೋಗಾಲಯ ಬೇಕು. ಅಂಗಡಿಯಿಂದಾಚೆಗೆ ಹೆಜ್ಜೆ ಇಡಬೇಕಾದರೆ ಕೈಯಲ್ಲಿ ಬಿಲ್ಲು ಇರಲೇಬೇಕು. ಬಿಲ್ಲಿಲ್ಲದ ಔಷಧಿಯ ದೋಷವನ್ನು ಅಲ್ಲಿಂದ ಮುಂದೆ ಯಾರೂ ಪತ್ತೆ ಮಾಡಲಾರರು.

ಮೊದಲು ರೋಗಿ, ಆಮೇಲೆ ಔಷಧಿ

ಸೀಸೆಯನ್ನು ಬೆಳಕಿಗೆ ಹಿಡಿಯುವ ಮುನ್ನ ರೋಗಿಯನ್ನು ನೋಡಬೇಕು. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಗಲಿಬಿಲಿ ಕಂಡರೆ, ನುಂಗುವ ಎಚ್ಚರವಿದ್ದಲ್ಲಿ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ತೀರಾ ಏರಿದ್ದು ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಅದು ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಇರಬಹುದು, ಆಗ ದೋಷ ಹುಡುಕುತ್ತ ಕೂರುವ ಸಮಯವಲ್ಲ. ಚುಚ್ಚಿದ ಗಂಟೆಯೊಂದೆರಡರಲ್ಲಿ ಚಳಿ ಜ್ವರ ಬಂದರೂ, ಮುಖ, ತುಟಿ ಊದಿಕೊಂಡರೂ ಆಸ್ಪತ್ರೆಗೆ ಹೋಗಬೇಕು, ಹೋಗುವಾಗ ಆ ಸೀಸೆಯನ್ನೂ ಒಯ್ಯಬೇಕು.

ಸಿರಿಂಜ್ ಮತ್ತು ಪೆನ್ನು

ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಮಾರಾಟವಾಗುತ್ತದೆ. ಸೀಸೆಯಲ್ಲಿ ಬರುವುದು ಬಹುಪಾಲು ಪ್ರತಿ ಮಿಲಿಲೀಟರಿಗೆ 40 ಯೂನಿಟ್‌ನದು, ಪೆನ್ನು ಮತ್ತು ಕಾರ್ಟ್ರಿಜ್‌ಗಳಲ್ಲಿ ಬರುವುದು 100 ಯೂನಿಟ್‌ನದು. ಸಿರಿಂಜ್‌ಗಳೂ ಅದಕ್ಕೆ ತಕ್ಕಂತೆ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿಲೀಟರ್ ಬರುತ್ತದೆ, ಕಿತ್ತಳೆ ಮುಚ್ಚಳದ್ದರಲ್ಲಿ ಅದೇ 20ರ ಗೆರೆಗೆ 0.2 ಮಿಲಿಲೀಟರ್ ಮಾತ್ರ. ಅಂಗಡಿಯವನು ಇದ್ದದ್ದನ್ನು ಕೊಟ್ಟು ಕಳಿಸಿದ್ದರಿಂದ 40ರ ಸೀಸೆಗೆ ಕಿತ್ತಳೆ ಸಿರಿಂಜ್ ಜೊತೆಯಾದರೆ, 20 ಯೂನಿಟ್ ಎಂದು ಚುಚ್ಚಿಕೊಂಡವರ ಮೈಗೆ ಸೇರುವುದು 8 ಯೂನಿಟ್. ಅಂಥವರಿಗೆ ಸಕ್ಕರೆ ಇಳಿಯದಿರುವುದಕ್ಕೂ ಔಷಧಿಯ ಶುದ್ಧತೆಗೂ ಯಾವ ಸಂಬಂಧವೂ ಇಲ್ಲ. ಇದರ ತಿರುಗುಮುರುಗು ಪ್ರಾಣಾಂತಿಕ: ಪೆನ್ನಿನ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜ್‌ಗೆ ಎಳೆದುಕೊಂಡರೆ 20ರ ಗೆರೆಯಲ್ಲಿ 50 ಯೂನಿಟ್ ಇರುತ್ತದೆ. "ಪೆನ್ನು ಕೆಟ್ಟಿದೆ, ಒಳಗಿನ ಔಷಧಿ ಯಾಕೆ ದಂಡ ಮಾಡೋದು" ಎಂಬ ಉಳಿತಾಯದ ಬುದ್ಧಿಯಿಂದ ಇದನ್ನು ಮಾಡುವವರಿದ್ದಾರೆ.

ಆದ್ದರಿಂದ ಮೊದಲ ಪರೀಕ್ಷೆ ಇಷ್ಟೇ. ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜ್‌ನ ಮೇಲಿನ ಸಂಖ್ಯೆಯನ್ನೂ ಅಕ್ಕಪಕ್ಕ ಹಿಡಿದು ಓದಬೇಕು. ಮುಚ್ಚಳದ ಬಣ್ಣ ನೆರವಿಗೆ ಮಾತ್ರ, ಮುಚ್ಚಳ ಬದಲಾಗಿರಬಹುದು.

ಪೆನ್ನು ಬಳಸುವವರಲ್ಲಿ ದೋಷ ಬೇರೆ ಕಡೆ ಇರುತ್ತದೆ. ಚುಚ್ಚಿದ ಮೇಲೆ ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟರೆ ಔಷಧಿ ಸೋರುತ್ತದೆ, ಒಳಗೆ ಗಾಳಿ ಸೇರುತ್ತದೆ. ಒಂದೇ ಸೂಜಿಯನ್ನು ವಾರಗಟ್ಟಲೆ ಬಳಸಿದರೆ ತುದಿ ಕಟ್ಟಿಕೊಳ್ಳುತ್ತದೆ. ಹೊಸ ಸೂಜಿ ಹಾಕಿ, 2 ಯೂನಿಟ್ ತಿರುಗಿಸಿ, ಸೂಜಿಯನ್ನು ಮೇಲ್ಮುಖವಾಗಿ ಹಿಡಿದು ಗುಂಡಿ ಒತ್ತಿದಾಗ ತುದಿಯಲ್ಲಿ ಹನಿ ಕಾಣಬೇಕು. ಎರಡು ಮೂರು ಸಲ ಮಾಡಿದರೂ ಹನಿ ಬಾರದಿದ್ದರೆ ದೋಷ ಪೆನ್ನಿನದು. ಚುಚ್ಚಿ ಗುಂಡಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಬೇಕು.

ಚರ್ಮವನ್ನೂ ಮುಟ್ಟಿ ನೋಡಬೇಕು. ಹೊಕ್ಕುಳ ಪಕ್ಕದ ಅದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿಕೊಂಡವರಲ್ಲಿ ಕೊಬ್ಬು ಗಂಟುಗಟ್ಟಿರುತ್ತದೆ. ಅಲ್ಲಿ ನೋವು ಕಡಿಮೆ ಎಂಬ ಕಾರಣಕ್ಕೇ ಅವರು ಅಲ್ಲಿ ಚುಚ್ಚುತ್ತಾರೆ, ಆದರೆ ಗಂಟಿನೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಸೇರುತ್ತದೆ. ಸಕ್ಕರೆಯ ಅಂಕಿಗಳು ದಿನಕ್ಕೊಂದು ಥರ ಕುಣಿಯುತ್ತಿದ್ದರೆ ಬ್ಯಾಚ್ ಸಂಖ್ಯೆಗಿಂತ ಮೊದಲು ಹೊಟ್ಟೆಯನ್ನು ಪರೀಕ್ಷಿಸಬೇಕು. ಚುಚ್ಚುವ ಜಾಗ ಬದಲಿಸಿದ ಮೇಲೆ ಅದೇ ಪ್ರಮಾಣ ಹೆಚ್ಚಾಗಿ ಪರಿಣಮಿಸಬಹುದಾದ್ದರಿಂದ ವೈದ್ಯರಿಗೆ ತಿಳಿಸಿಯೇ ಬದಲಿಸುವುದು ಕ್ಷೇಮ.

ಫ್ರಿಜ್ಜಿನ ಒಳಗೆ

ತೆರೆಯದ ಪೆಪ್ಟೈಡ್ ಇಂಜೆಕ್ಷನ್‌ಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬುದು ಎಲ್ಲರಿಗೂ ಗೊತ್ತು, ಆದರೆ ಜನ ಹೆದರುವುದು ಬಿಸಿಗೆ ಮಾತ್ರ. ನಾನು ಕಂಡಂತೆ ಮನೆಗಳಲ್ಲಿ ಔಷಧಿ ಹೆಚ್ಚಾಗಿ ಕೆಡುವುದು ಹೆಪ್ಪುಗಟ್ಟಿ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್‌ನ ಕೆಳಗೇ ಒಂದು ತಟ್ಟೆ ಇರುತ್ತದೆ, "ಅಲ್ಲೇ ಚೆನ್ನಾಗಿ ತಣ್ಣಗಿರುತ್ತದೆ" ಎಂದು ಔಷಧಿಯನ್ನು ಅಲ್ಲಿಡುತ್ತಾರೆ. ಆ ತಟ್ಟೆಯಲ್ಲಿ ರಾತ್ರಿ ಹೊತ್ತು ಸೊನ್ನೆಗಿಂತ ಕೆಳಗೆ ಹೋಗುವುದು ಸಾಮಾನ್ಯ. ಎರಡು ಬಾಗಿಲಿನ ಫ್ರಿಜ್ಜಿನಲ್ಲಾದರೆ ಹಿಂಬದಿಯ ಗೋಡೆಗೆ, ತಂಪು ಗಾಳಿ ಬರುವ ಕಿಂಡಿಗೆ ತಾಗಿದ ಜಾಗ ಅಪಾಯಕರ.

ಕೊರಟಗೆರೆ ಕಡೆಯ ಒಂದು ಮನೆಯ ಸೀಸೆ ಇದಕ್ಕೆ ಒಳ್ಳೆಯ ನಿದರ್ಶನ. ತಂದು ತೋರಿಸಿದ ಹಿರಿಯ ಹೆಂಗಸು, "ಬೆಳ್ಳಗೆ ಅಂಟ್ಕೊಂಡೈತೆ ಕಣಪ್ಪ, ಎಷ್ಟು ಒರೆಸಿದ್ರೂ ಹೋಗ್ತಿಲ್ಲ" ಎಂದರು. ಆ ಬಿಳುಪು ಗಾಜಿನ ಹೊರಗಿರಲಿಲ್ಲ. ಸೀಸೆ ಮಂದಗತಿಯ ಎನ್‌ಪಿಎಚ್ ಬೆರೆತ ಇನ್ಸುಲಿನ್‌ನದು, ಅದು ಸಹಜವಾಗಿಯೇ ಹಾಲಿನಂತೆ ಬೆಳ್ಳಗಿರುತ್ತದೆ. ಅಂಗೈಗಳ ನಡುವೆ ಉರುಳಿಸಿದರೆ ಒಂದೇ ಸಮನಾಗಿ ಬೆರೆಯಬೇಕಾದದ್ದು, ಇಲ್ಲಿ ಸಣ್ಣ ಸಣ್ಣ ಹರಳುಗಳಾಗಿ ಒಳಗೋಡೆಯ ಭುಜದವರೆಗೂ ಮಂಜು ಹಿಡಿದಂತೆ ಕೂತಿತ್ತು, ಕೆಳಗಿನ ದ್ರವ ತೆಳ್ಳಗೆ ನೀರಾಗಿತ್ತು. ಲೇಬಲ್ಲಿನ ಅಂಚು ಒದ್ದೆಯಾಗಿ ಏಳುತ್ತಿದ್ದುದು ಫ್ರೀಜರಿನ ಕೆಳಗಿನ ತಟ್ಟೆಯ ಗುರುತು. ಹೀಗೆ ಹೆಪ್ಪುಗಟ್ಟಿದ ಎನ್‌ಪಿಎಚ್‌ನ ಕಣಗಳು ಒಟ್ಟುಗೂಡಿ ದಪ್ಪಗಾಗುವುದರಿಂದ ಒಂದು ಸಲ ಎಳೆದ ಹನಿಯಲ್ಲಿ ಔಷಧಿ ಹೆಚ್ಚಿದ್ದು ಮತ್ತೊಂದರಲ್ಲಿ ಏನೂ ಇರದೆ ಹೋಗಬಹುದು. ಕರಗಿದ ಮೇಲೆ ಗುಣ ಮರಳುವುದಿಲ್ಲ, ಎಸೆಯಲೇಬೇಕು.

ಫ್ರಿಜ್ಜಿನ ನಡುವಿನ ತಟ್ಟೆ, ಮುಂಭಾಗ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಕನಿಷ್ಠ ಮತ್ತು ಗರಿಷ್ಠ ತಾಪಮಾನ ನೆನಪಿಟ್ಟುಕೊಳ್ಳುವ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಸಾಕು. ಮರುದಿನ ಬೆಳಿಗ್ಗೆ ಕನಿಷ್ಠದ ಅಂಕಿ ಸೊನ್ನೆಗಿಂತ ಕೆಳಗೆ ತೋರಿಸಿದರೆ ಅರ್ಧ ಪತ್ತೆ ಮುಗಿಯಿತು. ಲೋಡ್‌ಶೆಡ್ಡಿಂಗ್ ಬಗ್ಗೆ ಜನ ಪಡುವ ಆತಂಕ ಇದಕ್ಕಿಂತ ದೊಡ್ಡದು, ಆದರೆ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆಗಳ ಕರೆಂಟು ಕಡಿತಕ್ಕೆ ಇನ್ಸುಲಿನ್ ಹಾಳಾಗುವುದಿಲ್ಲ.

ಕಣ್ಣಿಗೆ ಕಾಣುವ ದೋಷಗಳು

ಎನ್‌ಪಿಎಚ್ ಮತ್ತು ಮಿಶ್ರ ಇನ್ಸುಲಿನ್‌ಗಳನ್ನು ಬಿಟ್ಟರೆ ರೆಗ್ಯುಲರ್ ಇನ್ಸುಲಿನ್, ದಿನವಿಡೀ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್, ಸೆಮಾಗ್ಲುಟೈಡ್, ಟಿರ್ಜೆಪಟೈಡ್, ಟೆರಿಪ್ಯಾರಟೈಡ್ ಎಲ್ಲವೂ ತಿಳಿನೀರಿನಂತೆ ಇರಬೇಕು. ಕಪ್ಪು ಹಿನ್ನೆಲೆಯಲ್ಲಿ ಒಮ್ಮೆ, ಬಿಳಿ ಹಿನ್ನೆಲೆಯಲ್ಲಿ ಒಮ್ಮೆ ಹಿಡಿದು ನೋಡಿದಾಗ ಎಳೆ, ಮಬ್ಬು, ಬಣ್ಣ, ತೇಲುವ ಕಣ ಕಂಡರೆ ಬಳಸಬಾರದು. ಕುಲುಕಿದ ಅಥವಾ ಬಿಸಿಗೆ ಸಿಕ್ಕ ಇನ್ಸುಲಿನ್ ಅಣುಗಳು ಒಂದಕ್ಕೊಂದು ಅಂಟಿ ನೂಲಿನಂಥ ಎಳೆಗಳಾಗುತ್ತವೆ, ಬೈಕಿನ ಡಿಕ್ಕಿಯಲ್ಲಿ ಓಡಾಡಿದ ಸೀಸೆಗಳಲ್ಲಿ ಇದು ಕಾಣಸಿಗುತ್ತದೆ. ಗ್ಲಾರ್ಜಿನ್ ಮಬ್ಬಾಗಿದೆ ಎಂದು ತಂದವರನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜ್‌ಗೆ ಎಳೆದಿದ್ದರೇ ಎಂದು ಕೇಳಬೇಕು. ಗ್ಲಾರ್ಜಿನ್ ಆಮ್ಲೀಯ ದ್ರಾವಣದಲ್ಲಿ ಮಾತ್ರ ಕರಗಿರುವಂಥದ್ದು, ಬೇರೆಯದರ ಜೊತೆ ಸೇರಿದೊಡನೆ ಕರಗದ ಕಣಗಳಾಗಿ ಬೇರ್ಪಡುತ್ತದೆ.

ತೆರೆದ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಪೆನ್ನಿನಿಂದ ಬರೆದಿಡುವ ಅಭ್ಯಾಸ ನಮ್ಮಲ್ಲಿ ಬಹಳ ಕಡಿಮೆ. ಮುದ್ರಿತ ಅವಧಿ ತೆರೆಯದ ಸೀಸೆಗೆ ಅನ್ವಯಿಸುವಂಥದ್ದು. ತೆರೆದ ಮೇಲೆ ಬಹುತೇಕ ಇನ್ಸುಲಿನ್‌ಗಳಿಗೆ ಸುಮಾರು 28 ದಿನ, ಟೆರಿಪ್ಯಾರಟೈಡ್ ಪೆನ್ನಿಗೆ 28 ದಿನ, ಸೆಮಾಗ್ಲುಟೈಡ್‌ನ ಬ್ರಾಂಡ್ ಆದ ಓಜೆಂಪಿಕ್ ಪೆನ್ನಿಗೆ 56 ದಿನ ಎಂಬ ಲೆಕ್ಕ ಬೇರೆಯೇ ಇದೆ, ಉಳಿದವಕ್ಕೆ ಒಳಗಿನ ಕಾಗದ ನೋಡಬೇಕು.

ಮುಖ್ಯವಾದ ಮಿತಿಯೊಂದನ್ನು ಇಲ್ಲೇ ಹೇಳಬೇಕು. ಕಣ್ಣಿಗೆ ತಿಳಿಯಾಗಿ ಕಾಣುವ ದ್ರವ ಸರಿಯಾಗಿದೆ ಎಂದು ಹೇಳಲು ಬರುವುದಿಲ್ಲ. ಬಿಸಿಯಿಂದ ಶಕ್ತಿ ಕಳೆದುಕೊಂಡ ರೆಗ್ಯುಲರ್ ಇನ್ಸುಲಿನ್ ಕೂಡ ತಿಳಿಯಾಗಿಯೇ ಇರಬಹುದು, ಬರೀ ಉಪ್ಪುನೀರು ತುಂಬಿದ ನಕಲಿ ಸೀಸೆಯೂ ತಿಳಿಯಾಗಿಯೇ ಇರುತ್ತದೆ. ಕಣ್ಣಿನ ಪರೀಕ್ಷೆಯಿಂದ ಔಷಧಿಯನ್ನು ತಿರಸ್ಕರಿಸಬಹುದು, ಒಪ್ಪಿಕೊಳ್ಳಲಾಗದು.

ದಾರಿ

ತುಮಕೂರಿನಿಂದ ಪಾವಗಡ ಸುಮಾರು ನೂರು ಕಿಲೋಮೀಟರ್. ಸಗಟು ಅಂಗಡಿಯಿಂದ ಹೊರಟ ಪಾರ್ಸೆಲ್ ಖಾಸಗಿ ಬಸ್ಸಿನ ಎಂಜಿನ್ ಪಕ್ಕದಲ್ಲೋ ಡಿಕ್ಕಿಯಲ್ಲೋ ಕೂತು ಏಪ್ರಿಲ್ ಬಿಸಿಲಿನಲ್ಲಿ ಮಧುಗಿರಿ ದಾಟಿ ಅಲ್ಲಿಗೆ ತಲುಪುತ್ತದೆ. ಅಂಗಡಿಯವರು ತಿಳಿಯಬೇಕಾದ ಸಂಗತಿ ಎಂದರೆ, ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕನ್ನು ಔಷಧಿಗೆ ನೇರವಾಗಿ ತಾಗಿಸಿ ಕಟ್ಟಿದರೆ ಬಿಸಿಲಿಗಿಂತ ಮೊದಲು ಆ ಪ್ಯಾಕೇ ಔಷಧಿಯನ್ನು ಹೆಪ್ಪುಗಟ್ಟಿಸಿ ಕೆಡಿಸುತ್ತದೆ. ಲಸಿಕೆ ಒಯ್ಯುವ ನಮ್ಮ ಆರೋಗ್ಯ ಕಾರ್ಯಕರ್ತೆಯರು ಇದನ್ನು ಚೆನ್ನಾಗಿ ಬಲ್ಲರು: ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾದು, ಆಮೇಲೆಯೇ ಪೆಟ್ಟಿಗೆಗೆ ಹಾಕುತ್ತಾರೆ. ಔಷಧ ವ್ಯಾಪಾರಿಗಳು ಅದನ್ನೇ ಪಾಲಿಸಿ ನಡುವೆ ದಪ್ಪ ರಟ್ಟು ಇಟ್ಟರೆ ಸಾಕು.

ಬಿಸಿಯ ವಿಷಯದಲ್ಲಿ ಅತಿಯಾದ ಭಯವೂ ಬೇಡ. ಕೀನ್ಯಾದ ದಾಗಹಲೇ ನಿರಾಶ್ರಿತರ ಶಿಬಿರದಲ್ಲಿ ಅಳೆದ ಉಷ್ಣಾಂಶವನ್ನು ಆಧರಿಸಿ ಗಡಿಗಳಿಲ್ಲದ ವೈದ್ಯರು ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಶಾಖದಲ್ಲಿ 4 ವಾರ ಇಟ್ಟ ಇನ್ಸುಲಿನ್, ಫ್ರಿಜ್ಜಿನಲ್ಲಿಟ್ಟದ್ದಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಉಳಿದಿತ್ತು. ಫ್ರಿಜ್ಜಿಲ್ಲದ ಮನೆಯಲ್ಲಿ ಬಳಕೆಯಲ್ಲಿರುವ ಸೀಸೆಯನ್ನು ನೀರು ಜಿನುಗುವ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಕಾಪಾಡಬಹುದು. ಪಾವಗಡ, ಶಿರಾ ಕಡೆಯ ಒಣ ಹವೆಯಲ್ಲಿ ಮಡಕೆ ಚೆನ್ನಾಗಿ ತಂಪಾಗುತ್ತದೆ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಶಾಖ ಮಾತ್ರ ಬೇರೆ ಲೆಕ್ಕದ್ದು, ಅಲ್ಲಿಟ್ಟದ್ದನ್ನು ನಂಬಬಾರದು.

ಪೆಟ್ಟಿಗೆ, ಬ್ಯಾಚ್, ಬಿಲ್ಲು

ಸೂಜಿ, ಫ್ರಿಜ್ಜು, ದಾರಿ ಮೂರರಲ್ಲೂ ದೋಷ ಸಿಗದಿದ್ದರೆ ಆಗ ಮೂಲವನ್ನು ಅನುಮಾನಿಸಬೇಕು. ಭಾರತದಲ್ಲಿ ಕಾನೂನುಬದ್ಧವಾಗಿ ಮಾರುವ ಔಷಧಿಯ ಲೇಬಲ್ಲಿನಲ್ಲಿ ತಯಾರಕರ ಹೆಸರು, ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಮುಗಿಯುವ ದಿನಾಂಕಗಳು ಇರಲೇಬೇಕು. ಆಮದಾದದ್ದಕ್ಕೆ ಆಮದುದಾರರ ವಿವರವೂ ಬೇಕು. ಹೊರಪೆಟ್ಟಿಗೆಯ ಬ್ಯಾಚ್ ಸಂಖ್ಯೆ, ಒಳಗಿನ ಸೀಸೆ ಅಥವಾ ಪೆನ್ನಿನ ಬ್ಯಾಚ್ ಸಂಖ್ಯೆ, ಬಿಲ್ಲಿನಲ್ಲಿ ಬರೆದ ಬ್ಯಾಚ್ ಸಂಖ್ಯೆ ಮೂರೂ ಒಂದೇ ಆಗಿರಬೇಕು. ಮೂರನ್ನು ಹೋಲಿಸಿ ನೋಡುವುದು ಅರ್ಧ ನಿಮಿಷದ ಕೆಲಸ, ಆದರೂ ಅದನ್ನು ಮಾಡುವ ಗ್ರಾಹಕರು ವಿರಳ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ಮತ್ತು ದಿನಾಂಕಗಳನ್ನು ಮುದ್ರಿತವಾದವುಗಳೊಂದಿಗೆ ತಾಳೆ ನೋಡಬೇಕು. ಕೋಡ್ ಇದೆ ಎಂಬುದಷ್ಟೇ ಔಷಧಿ ಅಸಲಿ ಎಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಕೋಡನ್ನೂ ನಕಲು ಮಾಡಬಹುದು.

ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲಿ ಈ ಎಚ್ಚರ ಇಮ್ಮಡಿ ಬೇಕು. 2023ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದಲ್ಲಿ ಸೆಮಾಗ್ಲುಟೈಡ್ ಎಂದು ನಂಬಿ ನಕಲಿ ಪೆನ್ನು ಚುಚ್ಚಿಕೊಂಡ ಹಲವರು ರಕ್ತದ ಸಕ್ಕರೆ ಕುಸಿದು, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು, ಒಳಗೆ ಇನ್ಸುಲಿನ್ ಇದ್ದಿರಬೇಕೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಬ್ರೆಜಿಲ್, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪತ್ತೆಯಾದ ಮೂರು ನಕಲಿ ಓಜೆಂಪಿಕ್ ಬ್ಯಾಚ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿತು. ಇಂಥ ನಕಲಿಯಲ್ಲಿ ರೋಗಿ ಹೇಳುವ ಲಕ್ಷಣವೇ ಸುಳಿವು. ಸೆಮಾಗ್ಲುಟೈಡ್ ಒಂದನ್ನೇ ತೆಗೆದುಕೊಳ್ಳುವವರಿಗೆ ಚುಚ್ಚಿದ ಗಂಟೆಯೊಳಗೆ ಸಕ್ಕರೆ ತೀರಾ ಇಳಿದು ಕಣ್ಣು ಕತ್ತಲೆ ಬರುವುದು ಸಹಜವಲ್ಲ. ಹಾಗಾದರೆ ಪೆನ್ನಿನ ಲೇಬಲ್ಲಿನ ಅಂಚನ್ನು ನೋಡಬೇಕು, ಕೆಳಗೆ ಇನ್ನೊಂದು ಲೇಬಲ್ ಇರಬಹುದು.

ಅಂಗಡಿಯ ಗೋಡೆಯ ಮೇಲೆ ನಮೂನೆ 20 ಮತ್ತು 21ರ ಪರವಾನಗಿಗಳು ತೂಗಾಡುತ್ತಿರುತ್ತವೆ. ಜೈವಿಕ ಔಷಧಿಗಳ ಚಿಲ್ಲರೆ ಮಾರಾಟಕ್ಕೆ 21 ಬೇಕು. ಬಿಲ್ಲು ಕೇಳಿದರೆ ಮುಖ ಸಿಂಡರಿಸುವ ಅಂಗಡಿಯಲ್ಲಿ ಪೆಪ್ಟೈಡ್ ಇಂಜೆಕ್ಷನ್ ಕೊಳ್ಳದಿರುವುದೇ ಲೇಸು. ಪಾವಗಡದವರು ಹಿಂದೂಪುರದಲ್ಲಿ ಕೊಂಡು ತಂದರೂ ಅಡ್ಡಿಯಿಲ್ಲ, ರಾಜ್ಯ ಬದಲಾದರೂ ಬ್ಯಾಚ್ ಸಂಖ್ಯೆ ಬದಲಾಗುವುದಿಲ್ಲ.

ಹೈನುಗಾರಿಕೆಯ ನಮ್ಮ ಹಳ್ಳಿಗಳಲ್ಲಿ ಲೇಬಲ್ಲಿಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ "ಹಾಲು ಬಿಡಿಸುವ ಔಷಧಿ" ಎಂದು ಮಾರುವ ದ್ರವದ ಬಗ್ಗೆ ಒಂದು ಮಾತು. ಅದು ಆಕ್ಸಿಟೋಸಿನ್ ಎನ್ನುತ್ತಾರೆ, ಒಳಗೆ ಎಷ್ಟಿದೆ, ಏನಿದೆ ಎಂದು ಹೇಳಬಲ್ಲ ಕಾಗದ ಯಾವುದೂ ಅದರ ಜೊತೆ ಬರುವುದಿಲ್ಲ. ಹಾಲು ಹೆಚ್ಚಿಸಲೆಂದು ಹಸುವಿಗೆ ಹಾನಿಕರ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಇದರಲ್ಲಿ ದೋಷ ಹುಡುಕುವ ಪ್ರಶ್ನೆಯೇ ಏಳುವುದಿಲ್ಲ.

"ಸಂಶೋಧನೆಗೆ ಮಾತ್ರ" ಎಂಬ ಸೀಸೆಗಳು

ಜಿಮ್‌ಗೆ ಹೋಗುವ, ಪೊಲೀಸ್ ಅಥವಾ ಸೇನಾ ನೇಮಕಾತಿಗೆ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡುವ ಹುಡುಗರ ಕೈಗೆ ಕೊರಿಯರ್‌ನಲ್ಲಿ ತಲುಪುವ ಪುಡಿಯ ಸೀಸೆಗಳದು ಪ್ರತ್ಯೇಕ ಪ್ರಕರಣ. ಬಿಪಿಸಿ-157 ಎಂಬ ಹೆಸರು ಅವುಗಳಲ್ಲಿ ಹೆಚ್ಚು ಕೇಳಿಬರುತ್ತದೆ. ಅದು 15 ಅಮೈನೋ ಆಮ್ಲಗಳ ಪೆಪ್ಟೈಡ್, ಮನುಷ್ಯರ ಚಿಕಿತ್ಸೆಗೆ ಅನುಮತಿ ಪಡೆದ ಔಷಧಿಯಲ್ಲ, 2022ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲೂ ಇದೆ. ಸೀಸೆಯ ಮೇಲೆ "ಸಂಶೋಧನೆಗೆ ಮಾತ್ರ, ಮಾನವ ಬಳಕೆಗಲ್ಲ" ಎಂದು ಮುದ್ರಿಸಿ, ತಯಾರಿಕಾ ಪರವಾನಗಿ ಸಂಖ್ಯೆ ಇಲ್ಲದೆ ಕಳಿಸುತ್ತಾರೆ. "ಸರ್, 99 ಪರ್ಸೆಂಟ್ ಪ್ಯೂರ್, ರಿಪೋರ್ಟ್ ಇದೆ" ಎಂದು ಹುಡುಗರು ಮೊಬೈಲ್ ಮುಂದೆ ಹಿಡಿಯುತ್ತಾರೆ. ಆ ವಿಶ್ಲೇಷಣಾ ಪ್ರಮಾಣಪತ್ರವನ್ನು ಹೇಗೆ ಓದಬೇಕು ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಅಸಲಿ ಪತ್ರ ಕೂಡ ಅವರು ತಿಳಿದುಕೊಂಡದ್ದನ್ನು ಹೇಳುವುದಿಲ್ಲ.

99 ಎಂಬ ಅಂಕಿ ಬರುವುದು ಎಚ್‌ಪಿಎಲ್‌ಸಿ ಎಂಬ ಯಂತ್ರದಿಂದ. ದ್ರಾವಣವನ್ನು ಒಂದು ಕೊಳವೆಯ ಮೂಲಕ ಹಾಯಿಸಿ ಹೊರಬರುವುದನ್ನು ಸಾಮಾನ್ಯವಾಗಿ 214 ಅಥವಾ 220 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಪೆಪ್ಟೈಡ್ ಬಂಧ ಆ ಬೆಳಕನ್ನು ಹೀರುತ್ತದೆ, ನೀರು, ಉಪ್ಪು, ಪುಡಿಯ ಗಾತ್ರ ಹೆಚ್ಚಿಸಲು ಬೆರೆಸುವ ಮ್ಯಾನಿಟಾಲ್ ಹೀರುವುದಿಲ್ಲ. ಹಾಗಾಗಿ ಕಂಡ ಪೆಪ್ಟೈಡ್‌ಗಳ ಪೈಕಿ ಶೇ. 99 ಒಂದೇ ಬಗೆಯದು ಎಂಬುದಷ್ಟೇ ಆ ಅಂಕಿಯ ಅರ್ಥ. ಪುಡಿಯಲ್ಲಿ ಪೆಪ್ಟೈಡ್ ಎಷ್ಟು ಪಾಲು ಎಂಬುದು ಬೇರೆ ಅಳತೆ. ತಯಾರಿಕೆಯಲ್ಲಿ ಉಳಿದ ಟ್ರೈಫ್ಲೂರೋಅಸಿಟಿಕ್ ಆಮ್ಲದ ಲವಣ ಮತ್ತು ತೇವಾಂಶ ಸೇರಿ ಪುಡಿಯ ತೂಕದ ಕಾಲುಭಾಗದಷ್ಟು ಆಗಿರುವುದು ಅಪರೂಪವಲ್ಲ. ಆಗ 5 ಮಿಲಿಗ್ರಾಂ ಪುಡಿಯಲ್ಲಿ ನಿಜವಾದ ಪೆಪ್ಟೈಡ್ 3.75 ಮಿಲಿಗ್ರಾಂ, ಪತ್ರದಲ್ಲಿ ಮಾತ್ರ ಶುದ್ಧತೆ 99 ಎಂದೇ ಇರುತ್ತದೆ. ಸೀಸೆಯ ತಳದಲ್ಲಿ ಬಿಲ್ಲೆಯಂತೆ ಗಟ್ಟಿಯಾಗಿ ಕೂತ ಚೆಂದದ ಬಿಳಿ ಪುಡಿಯನ್ನು ನೋಡಿ ಪ್ರಮಾಣ ಊಹಿಸಲೂಬಾರದು, ಅದರ ಗಾತ್ರವೆಲ್ಲ ಮ್ಯಾನಿಟಾಲ್‌ನದಾಗಿರಬಹುದು.

ಪತ್ರದಲ್ಲಿ ಎರಡನೆಯದು ಅಣುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್. ಬಿಪಿಸಿ-157ರ ಅಣುತೂಕ ಸುಮಾರು 1419.5, ಆದರೆ ಯಂತ್ರದ ಚಿತ್ರದಲ್ಲಿ ಎತ್ತರದ ಗೆರೆ 710.8ರ ಬಳಿ ಕಂಡರೆ ಗಾಬರಿ ಬೇಡ, ಯಂತ್ರ ತೂಕವನ್ನು ವಿದ್ಯುದಾವೇಶದಿಂದ ಭಾಗಿಸಿ ತೋರಿಸುವುದರಿಂದ ಎರಡು ಪ್ರೋಟಾನ್ ಹೊತ್ತ ಅದೇ ಅಣು ಅಲ್ಲಿ ಕಾಣುತ್ತದೆ. 1963ರಲ್ಲಿ ರಸಾಯನಶಾಸ್ತ್ರಜ್ಞ ಮೆರಿಫೀಲ್ಡ್ ತೋರಿಸಿಕೊಟ್ಟ, ಘನ ಕಣಗಳ ಮೇಲೆ ಪೆಪ್ಟೈಡ್ ಕಟ್ಟುವ ಘನಾಧಾರ ವಿಧಾನದಲ್ಲಿ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗುವಾಗ ಒಂದು ಹಂತ ಅಪೂರ್ಣವಾದರೆ ಆ ಆಮ್ಲ ಬಿಟ್ಟುಹೋದ ಅಣುಗಳು ಹುಟ್ಟುತ್ತವೆ. ಪ್ರೋಲಿನ್ ಬಿಟ್ಟುಹೋದರೆ ತೂಕ 97, ಗ್ಲೈಸಿನ್ ಬಿಟ್ಟುಹೋದರೆ 57 ಕಡಿಮೆ ಇರುತ್ತದೆ. ಬೇರೆ ಪೆಪ್ಟೈಡ್‌ಗಳಲ್ಲಿ 16 ಹೆಚ್ಚಿದ್ದರೆ ಆಕ್ಸಿಜನ್ ಸೇರಿ ಕೆಟ್ಟಿದೆ, 1 ಹೆಚ್ಚಿದ್ದರೆ ಅಮೈಡ್ ಗುಂಪು ಕಳಚಿದೆ ಎಂದು ಓದಬೇಕು. ಎಡಗೈ ರೂಪದ ಅಮೈನೋ ಆಮ್ಲ ಬಲಗೈ ರೂಪಕ್ಕೆ ತಿರುಗಿದ್ದರೆ ತೂಕ ಒಂದಿಷ್ಟೂ ಬದಲಾಗದು, ಹಾಗಾಗಿ ಈ ಯಂತ್ರ ಅದನ್ನು ಹಿಡಿಯಲಾರದು.

ಇಷ್ಟೆಲ್ಲ ಸರಿಯಿದ್ದರೂ ಆ ಪತ್ರದಲ್ಲಿ ಸಾಮಾನ್ಯವಾಗಿ ಇಲ್ಲದಿರುವ ಎರಡು ಸಾಲುಗಳೇ ಮೈಗೆ ಚುಚ್ಚುವವನಿಗೆ ಮುಖ್ಯವಾದವು: ಸೂಕ್ಷ್ಮಾಣುರಹಿತತೆ ಮತ್ತು ಎಂಡೋಟಾಕ್ಸಿನ್. ಎಂಡೋಟಾಕ್ಸಿನ್ ಎಂದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ಚೂರು. ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ಉಳಿಯುತ್ತದೆ, ರಕ್ತಕ್ಕೆ ಸೇರಿದರೆ ಚಳಿ, ಜ್ವರ, ರಕ್ತದೊತ್ತಡದ ಕುಸಿತ ತರುತ್ತದೆ. 0.22 ಮೈಕ್ರಾನ್ ಜರಡಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಎಂಡೋಟಾಕ್ಸಿನ್ನನ್ನು ತಡೆಯುವುದಿಲ್ಲ. ಕುದಿಸುವುದರಿಂದಲೂ ಅದು ನಾಶವಾಗದು. ಗಾಜಿನ ಸೀಸೆಗಳಿಂದ ಅದನ್ನು ತೊಲಗಿಸಲು ಔಷಧ ಕಾರ್ಖಾನೆಗಳು 250 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತವೆ, ಪೆಪ್ಟೈಡನ್ನು ಹಾಗೆ ಕಾಯಿಸಲು ಬರುವುದಿಲ್ಲ. ಶೇ. 99 ಶುದ್ಧವಾದ ಪುಡಿಯಲ್ಲೂ ಜ್ವರ ತರುವಷ್ಟು ಎಂಡೋಟಾಕ್ಸಿನ್ ಇರಬಹುದು, ಏಕೆಂದರೆ ಅದನ್ನು ನ್ಯಾನೋಗ್ರಾಂಗಳಲ್ಲಿ ಅಳೆಯುತ್ತಾರೆ.

ಒಬ್ಬ ಹುಡುಗ ತೋರಿಸಿದ ಪತ್ರದಲ್ಲಿ ಬ್ಯಾಚ್ ಸಂಖ್ಯೆಯ ಜಾಗದ ಅಕ್ಷರಗಳು ಉಳಿದ ಅಕ್ಷರಗಳಿಗಿಂತ ಕೊಂಚ ದಪ್ಪಗಿದ್ದವು, ಹಿನ್ನೆಲೆಯ ಬಿಳುಪು ಆ ಆಯತದೊಳಗೆ ಮಾತ್ರ ಬೇರೆಯಾಗಿತ್ತು. ಹಳೆಯ ಪತ್ರಕ್ಕೆ ಹೊಸ ಸಂಖ್ಯೆ ಅಂಟಿಸಿದ್ದಾರೆಂಬುದು ಝೂಮ್ ಮಾಡಿದರೆ ಸಾಕು ತಿಳಿಯುತ್ತಿತ್ತು. ಪರೀಕ್ಷಿಸಿದ ಪ್ರಯೋಗಾಲಯದ ಹೆಸರಿರಲಿಲ್ಲ, ಸಹಿಯಿರಲಿಲ್ಲ. ಆದರೆ ಪತ್ರ ಅಸಲಿಯೇ ಆಗಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. ಚುಚ್ಚಿದ ಜಾಗ ಕೆಂಪಾಗಿ ಊದಿದೆ, ಜ್ವರ ಬಂದಿದೆ ಎಂದು ಬಂದವನ ಸೀಸೆಯಲ್ಲಿ ದೋಷ ಯಾವ ಹಂತದಲ್ಲಿ ಹೊಕ್ಕಿತೆಂದು ಹುಡುಕಲು ಹೋದರೆ ಮಾರಾಟಗಾರನ ವಿಳಾಸವಿಲ್ಲ, ಪರವಾನಗಿಯಿಲ್ಲ, ಜಿಎಸ್‌ಟಿ ಬಿಲ್ಲಿಲ್ಲ, ಇರುವುದು ಒಂದು ಟೆಲಿಗ್ರಾಂ ಖಾತೆ ಮಾತ್ರ. ಅಂಥ ಸೀಸೆಗೆ ದೋಷ ನಿವಾರಣೆಯ ಒಂದೇ ಹಂತ ಉಳಿದಿರುತ್ತದೆ: ಬಳಸುವುದನ್ನು ನಿಲ್ಲಿಸಿ, ಸೀಸೆಯನ್ನು ವೈದ್ಯರಿಗೆ ತೋರಿಸಬೇಕು.

ದೂರು ಕೊಡುವುದು

ಬಿಲ್ಲಿರುವ ಔಷಧಿಯ ಬಗ್ಗೆ ಅನುಮಾನ ಉಳಿದರೆ ಅದನ್ನು ಎಸೆಯಬಾರದು, ಅಂಗಡಿಗೂ ಮರಳಿಸಬಾರದು. ಮರಳಿಸಿದ ಸೀಸೆ ಸಾಕ್ಷಿಯಾಗಿ ಉಳಿಯುವುದಿಲ್ಲ. ತೆರೆದ ಸೀಸೆಯ ಜೊತೆಗೆ ಅದೇ ಬ್ಯಾಚಿನ ತೆರೆಯದ ಇನ್ನೊಂದು ಸಿಕ್ಕರೆ ಬಹಳ ಉಪಯೋಗ, ಏಕೆಂದರೆ ತೆರೆದದ್ದು ಮನೆಯಲ್ಲಿ ಕೆಟ್ಟಿತೆಂದು ವಾದಿಸಲು ಎದುರಿನವರಿಗೆ ಅವಕಾಶವಿರುತ್ತದೆ. ಎರಡನ್ನೂ ಪೆಟ್ಟಿಗೆ ಸಮೇತ ಡಬ್ಬಿಯಲ್ಲಿ ಹಾಕಿ, ಹೆಪ್ಪುಗಟ್ಟದ ಜಾಗದಲ್ಲಿ ಫ್ರಿಜ್ಜಿನಲ್ಲಿಟ್ಟು, ಮೇಲೆ "ಬಳಸಬೇಡಿ" ಎಂದು ಬರೆಯಬೇಕು. ಬಿಲ್ಲಿನ ಮಸಿ ಕೆಲವು ತಿಂಗಳಲ್ಲಿ ಮಾಸುತ್ತದೆ, ಆದ್ದರಿಂದ ಅದೇ ದಿನ ಫೋಟೋ ತೆಗೆದಿಡಬೇಕು.

ದೂರನ್ನು ತುಮಕೂರಿನ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತವಾಗಿ ಕೊಡಬಹುದು. ಔಷಧ ನಿರೀಕ್ಷಕರು ಅಂಗಡಿಯಿಂದ ಅದೇ ಬ್ಯಾಚಿನ ಮಾದರಿ ತೆಗೆದು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಬಲ್ಲರು. ಕೊಂಡವರೇ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಲು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಂ ಹಕ್ಕು ಕೊಟ್ಟಿದೆ. ಈ ಹಕ್ಕನ್ನು ಬಳಸುವವರು ಬಹಳ ಕಡಿಮೆ. ಅಡ್ಡಪರಿಣಾಮ ಆಗಿದ್ದರೆ ಔಷಧ ಸುರಕ್ಷತೆಯ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೂ ತಿಳಿಸಬೇಕು. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಗುಣಮಟ್ಟ ಸಾಲದ ಬ್ಯಾಚ್‌ಗಳ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ, ಬ್ಯಾಚ್ ಸಂಖ್ಯೆ ಕೈಯಲ್ಲಿದ್ದರೆ ಅದರಲ್ಲಿ ಹುಡುಕುವುದು ಸುಲಭ.

ವರದಿ ಬರಲು ಸಮಯ ಹಿಡಿಯುತ್ತದೆ. ಅಷ್ಟು ದಿನ ಇನ್ಸುಲಿನ್ ನಿಲ್ಲಿಸಿ ಕೂರುವಂತಿಲ್ಲ. ಅನುಮಾನದ ಸೀಸೆಯನ್ನು ಬದಿಗಿಟ್ಟ ದಿನವೇ ಬೇರೆ ಬ್ಯಾಚಿನ ಹೊಸ ಸೀಸೆಯನ್ನು ಬಿಲ್ಲಿನೊಂದಿಗೆ ಕೊಂಡು, ಮೊದಲ ಮೂರು ನಾಲ್ಕು ದಿನ ಗ್ಲೂಕೋಮೀಟರ್‌ನಲ್ಲಿ ಹೆಚ್ಚು ಸಲ ಸಕ್ಕರೆ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಹಳೆಯ ಸೀಸೆ ಶಕ್ತಿ ಕಳೆದುಕೊಂಡಿದ್ದ ಕಾಲದಲ್ಲಿ ಪ್ರಮಾಣವನ್ನು ಏರಿಸಿಕೊಂಡಿದ್ದವರು ಅದೇ ಏರಿಸಿದ ಪ್ರಮಾಣವನ್ನು ಹೊಸ ಸೀಸೆಯಿಂದ ಎಳೆದುಕೊಂಡರೆ ಸಕ್ಕರೆ ಕುಸಿಯುತ್ತದೆ. ಹೊಸ ಸೀಸೆಯ ಮೊದಲ ಸೂಜಿಗೆ ಮುನ್ನವೇ ಪ್ರಮಾಣ ಎಷ್ಟೆಂದು ವೈದ್ಯರನ್ನು ಕೇಳಿಕೊಳ್ಳಬೇಕು.